ನಿಮಗಿದು ಗೊತ್ತೇ? ಅಂಕಪಟ್ಟಿಯಿಂದ ಸೀಟಿನವರೆಗೆ

ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕ ಹಾಕುವಾಗ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300 ಅಂಕಗಳಿಗೆ ಅರ್ಧ ತೂಕ, ಅದೇ ಮೂರು ವಿಷಯಗಳ ಸಿಇಟಿಯ 180 ಅಂಕಗಳಿಗೆ ಇನ್ನರ್ಧ ತೂಕ. ತೂಕ ಸಮವಿದ್ದರೂ ಒಂದು ಕಡೆ ಅಂಕಗಳು ಕಡಿಮೆ ಇರುವುದರಿಂದ ಅಲ್ಲಿನ ಒಂದೊಂದು ಅಂಕವೂ ದುಬಾರಿ.

ಒಬ್ಬಳು ಪಿಯುಸಿಯಲ್ಲಿ 300ಕ್ಕೆ 285 ತೆಗೆದಳು, ಸಿಇಟಿಯಲ್ಲಿ 180ಕ್ಕೆ 90. ಅಂದರೆ ಶೇ 95 ಮತ್ತು ಶೇ 50, ಸರಾಸರಿ 72.5. ಇನ್ನೊಬ್ಬಳಿಗೆ ಪಿಯುಸಿಯಲ್ಲಿ 240, ಸಿಇಟಿಯಲ್ಲಿ 126. ಶೇ 80 ಮತ್ತು ಶೇ 70, ಸರಾಸರಿ 75. ಊರಿನ ಬ್ಯಾನರ್‌ನಲ್ಲಿ ಫೋಟೊ ಹಾಕಿಸಿಕೊಂಡವಳು ಮೊದಲನೆಯವಳು. ಸೀಟು ಆಯ್ದುಕೊಳ್ಳುವ ಸಾಲಿನಲ್ಲಿ ಸಾವಿರಾರು ಸ್ಥಾನ ಮುಂದಿರುವವಳು ಎರಡನೆಯವಳು.

ಪಿಯುಸಿಯ 600 ಅಂಕಗಳಲ್ಲಿ ಉಳಿದ 300? ಎರಡು ಭಾಷೆಗಳ ಅಂಕವಾಗಲಿ, ಆ ಮೂರರ ಜತೆಗಿರುವ ನಾಲ್ಕನೇ ಐಚ್ಛಿಕ ವಿಷಯದ ಅಂಕವಾಗಲಿ ಎಂಜಿನಿಯರಿಂಗ್ ರ‍್ಯಾಂಕಿನೊಳಗೆ ಬರುವುದೇ ಇಲ್ಲ. ಕನ್ನಡದಲ್ಲಿ ನೂರಕ್ಕೆ ನೂರು ತೆಗೆದ ಮಗುವಿಗೆ ಆ ನೂರರ ಸಂತೋಷ ಪೂರ್ತಿ ಸಲ್ಲಬೇಕು. ಆದರೆ ರ‍್ಯಾಂಕಿನ ಲೆಕ್ಕಕ್ಕೆ ಅದು ಸೇರುವುದಿಲ್ಲ ಎನ್ನುವುದನ್ನು ಮೊದಲ ಪಿಯುಸಿಯಲ್ಲೇ ಯಾರಾದರೂ ಹೇಳಿರಬೇಕು. ಪೇಟೆಯ ಕಾಲೇಜುಗಳಲ್ಲಿ ಹೇಳುತ್ತಾರೆ. ಹೋಬಳಿ ಮಟ್ಟದ ಸರ್ಕಾರಿ ಕಾಲೇಜಿನ ಮಗುವಿಗೆ ಇದು ಎಷ್ಟೋ ಸಲ ಫಲಿತಾಂಶ ಬಂದ ಮೇಲೆ ಗೊತ್ತಾಗುತ್ತದೆ.

ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಯೊಂದಕ್ಕೆ 80 ಸೆಕೆಂಡ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಈ ಪರೀಕ್ಷೆಯಲ್ಲಿ ಒಂದೇ ಒಂದು ವೃತ್ತವನ್ನೂ ಖಾಲಿ ಬಿಡಬಾರದು.

ನೀಟ್‌ನಲ್ಲಿ ಸರಿಯುತ್ತರಕ್ಕೆ 4, ತಪ್ಪಿಗೆ ಮೈನಸ್ 1. ನಾಲ್ಕು ಉತ್ತರಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೂ ಸರಾಸರಿಯಲ್ಲಿ ಪ್ರಶ್ನೆಗೆ ಕಾಲು ಅಂಕ ಲಾಭವೇ. ಎರಡು ಉತ್ತರ ಖಂಡಿತ ತಪ್ಪೆಂದು ಗೊತ್ತಿದ್ದರೆ ಸರಾಸರಿ ಲಾಭ ಒಂದೂವರೆ ಅಂಕ. ಹೆದರಿ ಬಿಟ್ಟ ಪ್ರಶ್ನೆಗೆ ಸೊನ್ನೆ.

ಅದೇ ನೀಟ್‌ನ 720 ಅಂಕಗಳಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರದ್ದು. ಇಬ್ಬರ ಒಟ್ಟು ಅಂಕ ಸಮವಾದರೂ ಮೊದಲು ನೋಡುವುದು ಜೀವಶಾಸ್ತ್ರದ ಅಂಕವನ್ನೇ. ಜೆಇಇ ಮೇನ್‌ನಲ್ಲಿ ಹೀಗೆ ಸಮವಾದಾಗ ಮೊದಲ ಮಾತು ಗಣಿತದ್ದು.

ಶೇಕಡಾ ಬೇರೆ, ಪರ್ಸೆಂಟೈಲ್ ಬೇರೆ. ಈ ಒಂದು ಗೊಂದಲದಿಂದ ಎಷ್ಟು ಮನೆಗಳಲ್ಲಿ ಎಷ್ಟು ತಪ್ಪು ನಿರೀಕ್ಷೆ ಹುಟ್ಟಿದೆಯೋ! ಜೆಇಇ ಮೇನ್‌ನಲ್ಲಿ 99 ಪರ್ಸೆಂಟೈಲ್ ಬಂತೆಂದರೆ ನೂರಕ್ಕೆ ತೊಂಬತ್ತೊಂಬತ್ತು ಅಂಕ ಬಂತೆಂದು ಅರ್ಥವಲ್ಲ. ಪರೀಕ್ಷೆ ಬರೆದ ನೂರು ಮಂದಿಯಲ್ಲಿ ತೊಂಬತ್ತೊಂಬತ್ತು ಮಂದಿ ನಿಮ್ಮ ಸಮಕ್ಕೆ ಅಥವಾ ನಿಮಗಿಂತ ಕೆಳಗಿದ್ದಾರೆ ಎಂದರ್ಥ. ಕೇಳಲು ಹಿತವಾಗಿದೆ. ಆದರೆ ಹತ್ತು ಲಕ್ಷ ಮಂದಿ ಬರೆದ ಪರೀಕ್ಷೆಯಲ್ಲಿ 99 ಪರ್ಸೆಂಟೈಲ್ ಬಂದವರ ಮುಂದೆ ಸುಮಾರು ಹತ್ತು ಸಾವಿರ ಮಂದಿ ನಿಂತಿರುತ್ತಾರೆ. ಅದಕ್ಕೇ ಆ ಅಂಕಿಯನ್ನು ದಶಮಾಂಶದ ಏಳು ಸ್ಥಾನಗಳವರೆಗೆ ಕೊಡುತ್ತಾರೆ. ಮೂರನೆಯ ದಶಮಾಂಶದಲ್ಲೇ ಕಾಲೇಜು ಬದಲಾಗಿಬಿಡಬಹುದು.

ಹಾಗಾದರೆ 100 ಪರ್ಸೆಂಟೈಲ್ ಒಬ್ಬರಿಗೇ ಬರಬೇಕಲ್ಲವೇ? 2024ರಲ್ಲಿ 56 ಮಂದಿಗೆ ಬಂತು. ಪರೀಕ್ಷೆ ಹಲವು ದಿನ, ಹಲವು ಪಾಳಿಗಳಲ್ಲಿ, ಬೇರೆ ಬೇರೆ ಪ್ರಶ್ನೆಪತ್ರಿಕೆಗಳೊಂದಿಗೆ ನಡೆಯುತ್ತದೆ. ಸುಲಭದ ಪತ್ರಿಕೆ ಬಂದವರಿಗೂ ಕಷ್ಟದ ಪತ್ರಿಕೆ ಬಂದವರಿಗೂ ಅಂಕದ ಹೋಲಿಕೆ ಸಲ್ಲದೆಂದು ಪ್ರತಿ ವಿದ್ಯಾರ್ಥಿಯನ್ನೂ ಅವರ ಪಾಳಿಯವರ ಜತೆ ಮಾತ್ರ ಹೋಲಿಸಿ ಪರ್ಸೆಂಟೈಲ್ ಕೊಡುತ್ತಾರೆ. ಪ್ರತಿ ಪಾಳಿಯ ಮೊದಲಿಗರಿಗೂ ನೂರು.

ಪಿಯುಸಿ ಅಂಕಕ್ಕೂ ಐಐಟಿಗೂ ಸಂಬಂಧವೇ ಇಲ್ಲ ಎಂದು ನಂಬಿರುವವರು ಬಹಳ. ಸಂಬಂಧ ಇದೆ. 12ನೇ ತರಗತಿಯಲ್ಲಿ ಶೇ 75 ಅಂಕ ಬಂದಿರಬೇಕು, ಇಲ್ಲವೇ ತಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗಿರಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ 65. ಜೆಇಇಯಲ್ಲಿ ಒಳ್ಳೆಯ ರ‍್ಯಾಂಕ್ ಬಂದೂ ಈ ಹೊಸ್ತಿಲು ದಾಟಲಾಗದೆ ಸೀಟು ಕಳೆದುಕೊಂಡವರಿದ್ದಾರೆ. 2013ರಿಂದ 2016ರವರೆಗೆ ಬೋರ್ಡಿನ ಅಂಕಕ್ಕೆ ಜೆಇಇ ಮೇನ್ ರ‍್ಯಾಂಕಿನಲ್ಲೇ ಶೇ 40 ತೂಕವಿತ್ತು. 2017ರಲ್ಲಿ ಅದನ್ನು ತೆಗೆದುಹಾಕಿ, ಅಂಕವನ್ನು ಬಾಗಿಲು ಕಾಯುವ ಕೆಲಸಕ್ಕೆ ಮಾತ್ರ ಇಟ್ಟುಕೊಂಡರು.

ಮೇನ್‌ನಿಂದ ಐಐಟಿ ಪ್ರವೇಶದ ಜೆಇಇ ಅಡ್ವಾನ್ಸ್ಡ್‌ಗೆ ಹೋಗಲು ಅವಕಾಶ ಸಿಗುವುದು ಸುಮಾರು ಎರಡೂವರೆ ಲಕ್ಷ ಮಂದಿಗೆ. ಮೇನ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅಡ್ವಾನ್ಸ್ಡ್ ಮಾತ್ರ ಇಂದಿಗೂ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇದೆ. ಹಿಂದಿಯ ಮಗುವಿಗೆ ಕೊನೆಯ ಮೆಟ್ಟಿಲಿನವರೆಗೂ ತನ್ನ ಭಾಷೆ ಜತೆಗಿರುತ್ತದೆ, ಕನ್ನಡದ ಮಗುವಿನ ಭಾಷೆ ಅರ್ಧ ದಾರಿಗೇ ನಿಲ್ಲುತ್ತದೆ. ಇದು ಅನ್ಯಾಯ. ಧಾರವಾಡದಲ್ಲಿ 2016ರಿಂದ ಐಐಟಿ ಇರುವ ರಾಜ್ಯದವರು ಇದನ್ನು ಇನ್ನಷ್ಟು ಗಟ್ಟಿಯಾಗಿ ಕೇಳಬೇಕಿತ್ತು.

ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ. ಆದರೆ ಅನುವಾದದಲ್ಲಿ ಅನುಮಾನ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಕನ್ನಡದ ಪತ್ರಿಕೆ ಆರಿಸಿಕೊಂಡವರು ಪಕ್ಕದ ಇಂಗ್ಲಿಷ್ ಸಾಲನ್ನೂ ಓದಿಕೊಳ್ಳುವುದು ಕ್ಷೇಮ.

ಸುರತ್ಕಲ್‌ನ ಎನ್‌ಐಟಿಗೆ ಸಿಇಟಿ ರ‍್ಯಾಂಕ್ ನಡೆಯುವುದಿಲ್ಲ, ಜೆಇಇ ಮೇನ್ ಬೇಕು. ಆದರೆ ಅಲ್ಲಿನ ಅರ್ಧದಷ್ಟು ಸೀಟು ಕರ್ನಾಟಕದವರಿಗೆ ಮೀಸಲು. 1960ರಲ್ಲಿ ಕೆಆರ್‌ಇಸಿ ಎಂಬ ಹೆಸರಿನಲ್ಲಿ ಶುರುವಾದ ಈ ಕಾಲೇಜಿಗೆ ನಮ್ಮ ಮಕ್ಕಳು ಅರ್ಜಿ ಹಾಕದೇ ಇರುವುದಕ್ಕೆ ಎಷ್ಟೋ ಸಲ ಕಾರಣ ಒಂದೇ: ಜೆಇಇ ಅಂದರೆ ಐಐಟಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ದೇಶದ ಕಾಲೇಜು ಪ್ರವೇಶದ ಕಾನೂನನ್ನು ಬರೆದ ದೊಡ್ಡ ಮೊಕದ್ದಮೆಗಳಲ್ಲಿ ಎಷ್ಟು ನಮ್ಮ ನೆಲದವು, ಗೊತ್ತೇ?

1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 68 ಸೀಟುಗಳನ್ನು ಮೀಸಲಿಟ್ಟಿತು. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಮೀಸಲಾತಿ ಸಾಮಾನ್ಯವಾಗಿ ಶೇ 50ರೊಳಗಿರಬೇಕು ಎಂಬ ಮಾತು ಹುಟ್ಟಿದ್ದು ಅಲ್ಲಿ.

1964ರ ಚಿತ್ರಲೇಖಾ ಪ್ರಕರಣವೂ ಮೈಸೂರಿನದೇ. ಆಗ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಪರೀಕ್ಷೆಯ ಅಂಕದ ಜತೆ ಸಂದರ್ಶನದ ಅಂಕವನ್ನೂ ಕೂಡಿಸುತ್ತಿದ್ದರು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟು ಅಂಕ ಸಂದರ್ಶನಕ್ಕೆ. ಸಾಮಾನ್ಯ ಜ್ಞಾನ, ಅಭಿರುಚಿ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ ಎಲ್ಲವನ್ನೂ ಕೆಲವೇ ನಿಮಿಷಗಳಲ್ಲಿ ಅಳೆಯಬೇಕು. ಕೋರ್ಟು ಈ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೂ ಕಾಲ ಅದನ್ನು ಉಳಿಸಲಿಲ್ಲ. ಎದುರಿಗೆ ಕೂತವರು ಯಾರ ಮಗ, ಯಾವ ಊರು ಎಂದು ಕೇಳಬಹುದಾದ ಕೋಣೆಗಿಂತ ಹೆಸರಿಲ್ಲದ ಉತ್ತರಪತ್ರಿಕೆ ಮೇಲು ಎಂದು ಜನ ನಂಬಿದರು. ಆ ನಂಬಿಕೆ ಸರಿಯೆಂದೇ ನನ್ನ ಎಣಿಕೆ. ಪ್ರವೇಶ ಪರೀಕ್ಷೆಗಳನ್ನು ಎಷ್ಟೇ ಬೈದರೂ, ಹಳ್ಳಿಯ ಮಗುವಿನ ಪಾಲಿಗೆ ಅವುಗಳಿಗಿಂತ ಅಪಾಯಕಾರಿಯಾದ ವ್ಯವಸ್ಥೆಗಳಿದ್ದವು.

ಅಂಥದ್ದೊಂದು, ದುಡ್ಡು. 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ಉತ್ತರಪ್ರದೇಶದ ಮೀರತ್‌ನಿಂದ ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದ್ದ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ತೀರ್ಪು ಬಂತು: ಇದು ಶುಲ್ಕದ ಹೆಸರಿನ ಕ್ಯಾಪಿಟೇಶನ್, ಶಿಕ್ಷಣ ಮೂಲಭೂತ ಹಕ್ಕು. ಕ್ಯಾಪಿಟೇಶನ್ ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1984ರಿಂದಲೇ ಇತ್ತು ಎಂಬುದನ್ನೂ ನೆನಪಿಡಬೇಕು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೋರ್ಟು ಆ ಹಕ್ಕನ್ನು 14 ವರ್ಷದವರೆಗೆ ಎಂದು ಮಿತಿಗೊಳಿಸಿತು. ಆದರೆ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟನ್ನು ಅರ್ಹತೆಯ ಮೇಲೆ ಕಡಿಮೆ ಶುಲ್ಕಕ್ಕೆ ತುಂಬುವ ಯೋಜನೆಯೊಂದನ್ನು ಕೊಟ್ಟಿತು. ಅರ್ಹತೆ ಅಳೆಯಲು ಒಂದು ಸಮಾನ ಪರೀಕ್ಷೆ ಬೇಕಾಯಿತು. ನಮ್ಮ ಸಿಇಟಿ 1994ರಲ್ಲಿ ಬಂದದ್ದು ಆ ಹಿನ್ನೆಲೆಯಲ್ಲಿ.

ಆ ಯೋಜನೆಯನ್ನು 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿತು. ಅದು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ. ಮಣಿಪಾಲದ್ದು!

ಇವತ್ತಿನ ಸ್ಥಿತಿ: ಅಲ್ಪಸಂಖ್ಯಾತವಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ 100 ಸೀಟುಗಳಲ್ಲಿ ಸಾಮಾನ್ಯವಾಗಿ 45 ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ, 30 ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್–ಕೆ ಮೂಲಕ, 25 ಮ್ಯಾನೇಜ್‌ಮೆಂಟ್ ಮತ್ತು ಅನಿವಾಸಿ ಭಾರತೀಯರ ಕೋಟಾ. ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಬೇರೆ ಬೇರೆ ಶುಲ್ಕ ಕಟ್ಟಿರುತ್ತಾರೆ. ಕಾಮೆಡ್–ಕೆ ರ‍್ಯಾಂಕಿನಲ್ಲಿ ಪಿಯುಸಿ ಅಂಕ ಸೇರುವುದಿಲ್ಲ. ಅಲ್ಲಿಯೂ ತಪ್ಪಿಗೆ ಅಂಕ ಕಳೆಯುವುದಿಲ್ಲ.

ಅರ್ಧ ಪಿಯುಸಿ, ಅರ್ಧ ಸಿಇಟಿ ಎಂಬ ಸೂತ್ರ ಒಂದು ವರ್ಷ ಕೈಕೊಟ್ಟಿತ್ತು. 2021ರಲ್ಲಿ ಕೋವಿಡ್ ಕಾರಣಕ್ಕೆ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್‌ಎಸ್‌ಎಲ್‌ಸಿ ಮತ್ತು ಪ್ರಥಮ ಪಿಯುಸಿಯ ಅಂಕಗಳನ್ನು ಆಧರಿಸಿ ಎಲ್ಲರನ್ನೂ ಪಾಸು ಮಾಡಿದರು. ಬರೆಯದ ಪರೀಕ್ಷೆಯ ಅಂಕವನ್ನು ನಂಬುವುದು ಹೇಗೆ? ಆ ವರ್ಷದ ರ‍್ಯಾಂಕಿಗೆ ಸಿಇಟಿ ಅಂಕವನ್ನಷ್ಟೇ ಹಿಡಿದರು. ಅಲ್ಲಿಗೆ ಮುಗಿಯಲಿಲ್ಲ. ಅದೇ ಬ್ಯಾಚಿನ ಸುಮಾರು 24 ಸಾವಿರ ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದರು. ಅವರ ಪಿಯುಸಿ ಅಂಕವನ್ನು ಪರಿಗಣಿಸುವುದಿಲ್ಲ ಎಂದು ಪ್ರಾಧಿಕಾರ ಹೇಳಿತು. ಇತರರಿಗೆ ಎರಡರ ಸರಾಸರಿ, ಇವರಿಗೆ ಒಂದೇ ಪರೀಕ್ಷೆಯ ಅಂಕ, ಹೀಗಾಗಿ ರ‍್ಯಾಂಕ್ ಪಾತಾಳಕ್ಕೆ ಇಳಿಯಿತು. ಹೈಕೋರ್ಟಿನ ಏಕಸದಸ್ಯ ಪೀಠ ಇವರ ಪರವಾಗಿ ತೀರ್ಪು ಕೊಟ್ಟಿತು. ಆಗ ಹೊಸಬರ ಮನೆಗಳಲ್ಲಿ ಆತಂಕ: ಉದಾರವಾಗಿ ಹಂಚಿದ ಅಂಕಗಳ ಎದುರು ನಿಜವಾಗಿ ಬರೆದವರು ಸೋಲಬೇಕೇ? ಕಡೆಗೆ ತಜ್ಞರ ಸಮಿತಿಯ ಸೂತ್ರಕ್ಕೆ ವಿಭಾಗೀಯ ಪೀಠ ಒಪ್ಪಿತು. ಹಳೆಯ ಬ್ಯಾಚಿನವರ ಪಿಯುಸಿ ಅಂಕದಲ್ಲಿ ಪ್ರತಿ ವಿಷಯಕ್ಕೆ ಸರಾಸರಿ 6 ಅಂಕ ಕಳೆದು ರ‍್ಯಾಂಕ್ ಕೊಡುವುದು. ಎರಡೂ ಕಡೆ ಅನ್ಯಾಯವಾಗದಂತೆ ನೋಡಿಕೊಳ್ಳಲು ಮಾಡಿದ ಒಂದು ಪ್ರಾಮಾಣಿಕ ಪ್ರಯತ್ನವಿದು. ತಿಂಗಳುಗಟ್ಟಲೆ ನಿದ್ದೆಗೆಟ್ಟವರು ಮಾತ್ರ ಎರಡೂ ಕಡೆಯ ಮಕ್ಕಳು.

2024ರ ಸಿಇಟಿ ನೆನಪಿದೆಯೇ? 240 ಪ್ರಶ್ನೆಗಳಲ್ಲಿ 50 ಪ್ರಶ್ನೆ ಪಠ್ಯದ ಹೊರಗಿನವು. ಭೌತಶಾಸ್ತ್ರದಲ್ಲಿ 9, ರಸಾಯನಶಾಸ್ತ್ರದಲ್ಲಿ 15, ಗಣಿತದಲ್ಲಿ 15, ಜೀವಶಾಸ್ತ್ರದಲ್ಲಿ 11. ಅವನ್ನು ಬಿಟ್ಟು ಮೌಲ್ಯಮಾಪನ ಮಾಡಿದರು. ಎಂಜಿನಿಯರಿಂಗ್‌ಗೆ 180 ಇದ್ದದ್ದು 141 ಆಯಿತು. ಆ ಐವತ್ತು ಪ್ರಶ್ನೆಗಳೊಂದಿಗೆ ಗುದ್ದಾಡಿ ಸಮಯ ಕಳೆದುಕೊಂಡವರಿಗೆ ಆ ಸಮಯ ಮಾತ್ರ ವಾಪಸು ಬರಲಿಲ್ಲ.

ಅದೇ ವರ್ಷ ನೀಟ್‌ನಲ್ಲಿ ಒಂದೇ ಒಂದು ಪ್ರಶ್ನೆ ಲಕ್ಷಾಂತರ ರ‍್ಯಾಂಕ್ ಅಲುಗಾಡಿಸಿತು. ಮೊದಲು ಪ್ರಕಟವಾದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720. ಸಮಯ ನಷ್ಟವಾಯಿತೆಂದು 1,563 ಮಂದಿಗೆ ಕೊಟ್ಟಿದ್ದ ಕೃಪಾಂಕ ರದ್ದಾದಾಗ 67 ಇದ್ದದ್ದು 61 ಆಯಿತು. ಬಳಿಕ ಪರಮಾಣುಗಳ ಬಗೆಗಿನ ಭೌತಶಾಸ್ತ್ರದ ಪ್ರಶ್ನೆಯೊಂದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಎನ್‌ಸಿಇಆರ್‌ಟಿಯ ಹಳೆಯ ಮುದ್ರಣ ಓದಿದವರಿಗೆ ಒಂದು ಉತ್ತರ, ಹೊಸ ಮುದ್ರಣ ಓದಿದವರಿಗೆ ಇನ್ನೊಂದು. ಎರಡಕ್ಕೂ ಅಂಕ ಕೊಟ್ಟಿದ್ದರು. ದೆಹಲಿ ಐಐಟಿಯ ತಜ್ಞರು ಒಂದೇ ಸರಿ ಎಂದರು. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ತಲಾ 5 ಅಂಕ ಕಳೆದುಕೊಂಡರು, ಕೊಟ್ಟಿದ್ದ 4 ಮತ್ತು ತಪ್ಪಿನ 1. ಪೂರ್ಣಾಂಕದವರು ಕಡೆಗೆ ಉಳಿದದ್ದು 17. ಅಣ್ಣ, ಅಕ್ಕ ಓದಿಟ್ಟ ಹಳೆಯ ಪುಸ್ತಕದಲ್ಲೇ ಓದುವ ಮನೆಗಳು ಯಾವುವು ಎಂದು ಒಂದು ಕ್ಷಣ ಯೋಚಿಸಿ.

ನೀಟ್ ಒಮ್ಮೆ ಬಂದು, ಹೋಗಿ, ಮತ್ತೆ ಬಂದದ್ದು. 2013ರಲ್ಲಿ ಮೊದಲ ಸಲ ನಡೆದ ವರ್ಷವೇ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತ್ತು. 2016ರಲ್ಲಿ ಆ ತೀರ್ಪನ್ನು ಅದೇ ಕೋರ್ಟ್ ಹಿಂಪಡೆಯಿತು. ಆ ವರ್ಷ ಸರ್ಕಾರಿ ವೈದ್ಯಕೀಯ ಸೀಟಿಗೆ ಸುಗ್ರೀವಾಜ್ಞೆಯ ವಿನಾಯಿತಿ ಸಿಕ್ಕಿದ್ದರಿಂದ, ಕರ್ನಾಟಕದಲ್ಲಿ ಸಿಇಟಿ ಮೂಲಕ ಡಾಕ್ಟರ್ ಆದ ಕೊನೆಯ ಬ್ಯಾಚು ಅದು. ಈಗ ಎಂಬಿಬಿಎಸ್‌ಗೆ ಪಿಯುಸಿ ಅಂಕ ಅರ್ಹತೆಗೆ ಮಾತ್ರ. ಸಾಮಾನ್ಯ ವರ್ಗದವರಿಗೆ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಶೇ 50, ಮೀಸಲು ವರ್ಗದವರಿಗೆ ಶೇ 40.

ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ 15 ಸೀಟು ದೇಶದ ಯಾರಿಗಾದರೂ ತೆರೆದಿದೆ. ಮೈಸೂರಿನ ಹುಡುಗಿ ಪುಣೆಯಲ್ಲೂ ಕೇಳಬಹುದು. ಎರಡು ಕೌನ್ಸೆಲಿಂಗ್, ಎರಡು ನೋಂದಣಿ, ಎರಡು ಬೇರೆ ದಿನಾಂಕಪಟ್ಟಿ.

ತಮಿಳುನಾಡು ಬೇರೆ ದಾರಿ ಹಿಡಿಯಿತು. 2006ರಲ್ಲಿ ಕಾಯ್ದೆ ತಂದು ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಯನ್ನೇ ರದ್ದುಮಾಡಿತು. ಅಲ್ಲಿ ಎಂಜಿನಿಯರಿಂಗ್‌ಗೆ ಇಂದಿಗೂ 12ನೇ ತರಗತಿಯ ಅಂಕವೇ ಆಧಾರ: ಗಣಿತಕ್ಕೆ 100, ಭೌತ ಮತ್ತು ರಸಾಯನಕ್ಕೆ ತಲಾ 50, ಒಟ್ಟು 200. ನೀಟ್ ಬಂದ ಮೇಲೆ ಸರ್ಕಾರಿ ಶಾಲೆಯ ಮಕ್ಕಳಿಗೆ ಮೆಡಿಕಲ್ ಸೀಟು ಸಿಗದಂತಾಯಿತೆಂದು 2020ರಲ್ಲಿ ಅವರಿಗೆ ಶೇ 7.5 ಒಳಮೀಸಲು ಕೊಟ್ಟಿತು. ಸರ್ಕಾರಿ ಶಾಲೆಯಲ್ಲಿ ಓದಿದ್ದನ್ನೇ ಒಂದು ಅರ್ಹತೆಯೆಂದು ಪರಿಗಣಿಸಿದ ಈ ಕ್ರಮವನ್ನು ನಾವು ಗಂಭೀರವಾಗಿ ನೋಡಬೇಕು.

ಕೇರಳದ್ದು ಇನ್ನೊಂದು ಕಥೆ. ಅಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗಾಗಿ ಬೇರೆ ಬೇರೆ ಬೋರ್ಡುಗಳ ಅಂಕಗಳನ್ನು ಒಂದೇ ಮಟ್ಟಕ್ಕೆ ತರುವ ಸೂತ್ರವಿದೆ. ಅದರಿಂದ ರಾಜ್ಯ ಪಠ್ಯಕ್ರಮದ ಮಕ್ಕಳ ಅಂಕ ಇಳಿಯುತ್ತದೆಂಬುದು ಹಳೆಯ ದೂರು. 2025ರಲ್ಲಿ ಸರ್ಕಾರ ರ‍್ಯಾಂಕ್ ಪಟ್ಟಿಯ ಹೊಸ್ತಿಲಲ್ಲಿ ಸೂತ್ರವನ್ನು ಬದಲಿಸಿತು. ಜುಲೈ ಆರಂಭದಲ್ಲಿ ಪಟ್ಟಿ ಬಂತು, ಕೆಲವೇ ದಿನಗಳಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು, ಹಳೆಯ ಸೂತ್ರದಂತೆ ಹೊಸ ಪಟ್ಟಿ ಬಂದಾಗ ಮೊದಲ ರ‍್ಯಾಂಕೇ ಬೇರೆಯವರದಾಗಿತ್ತು. ಮಕ್ಕಳು ಬರೆದ ಒಂದಕ್ಷರವೂ ಬದಲಾಗಿರಲಿಲ್ಲ. ಆಟ ಮುಗಿಯುವಾಗ ನಿಯಮ ಬದಲಿಸಬಾರದೆಂಬ ಕೋರ್ಟಿನ ನಿಲುವು ನ್ಯಾಯವೇ. ಹಾಗೆಂದು ರಾಜ್ಯ ಪಠ್ಯಕ್ರಮದ ಮಕ್ಕಳ ದೂರು ಸುಳ್ಳಾಗುವುದಿಲ್ಲ.

ಶೇ 100 ಅಂಕ ಬಂದರೆ ಮಾತ್ರ ಪ್ರವೇಶ ಎಂದ ಕಾಲೇಜುಗಳಿದ್ದವು! ದೆಹಲಿಯ ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸ್ 2011ರಲ್ಲಿ, ಪಿಯುಸಿ ಹಂತದಲ್ಲಿ ವಾಣಿಜ್ಯ ಓದದವರಿಗೆ ಬಿ.ಕಾಂ ಕಟ್‌ಆಫ್ ಶೇ 100 ಎಂದು ಪ್ರಕಟಿಸಿತು. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಹಲವು ಕಾಲೇಜುಗಳು ಅಲ್ಲಿಗೇ ಮುಟ್ಟಿದವು. 2022ರಿಂದ ಅಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಮಾನ ಪ್ರವೇಶ ಪರೀಕ್ಷೆ, ಸಿಯುಇಟಿ. 12ನೇ ತರಗತಿಯ ಅಂಕ ಈಗ ಅರ್ಹತೆಗೆ ಮತ್ತು ಇಬ್ಬರು ಸಮ ಬಂದಾಗ ಬಿಡಿಸಲಿಕ್ಕೆ ಮಾತ್ರ. ಸಿಯುಇಟಿಯನ್ನೂ ಕನ್ನಡದಲ್ಲಿ ಬರೆಯಬಹುದು.

ನಮ್ಮ ಎಸ್‌ಎಸ್‌ಎಲ್‌ಸಿ ಅಂಕದ ಬಗ್ಗೆಯೂ ಒಂದು ಮಾತು. 2023ರಲ್ಲಿ ಶೇ 83.89 ಮಂದಿ ಪಾಸಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅಂಕ ಕಡಿಮೆಯಾಯಿತೆಂದು ಹಲವರು ದುಃಖಪಟ್ಟರು. ಓದಿ ಬರೆದ ಮಗುವಿನ ಅಂಕದ ಬೆಲೆ ಆ ವರ್ಷ ಹೆಚ್ಚಾಯಿತು ಎನ್ನುವುದೂ ನಿಜ.

2024ರಿಂದ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಉತ್ತಮ ಅಂಕ ಉಳಿಯುತ್ತದೆ. ಪಿಯುಸಿಯ ಗಣಿತದಲ್ಲಿ ಮುಗ್ಗರಿಸಿ ಸಿಇಟಿ ಚೆನ್ನಾಗಿ ಬರೆದವರಿಗೆ ಇದು ದೊಡ್ಡ ಅವಕಾಶ.

ಈಗ ಎಲ್ಲರೂ ಕೇಳಬೇಕಾದ ವಿಷಯ, ಆಪ್ಶನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಪಟ್ಟಿಮಾಡುವುದು. ಒಳ್ಳೆಯ ರ‍್ಯಾಂಕ್ ಬಂದೂ ಕಡಿಮೆ ಸೀಟು ಸಿಗುವುದು ಹೆಚ್ಚಾಗಿ ಇಲ್ಲಿಯೇ. "ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಸಿಗುವ ಕಾಲೇಜೂ ಕೈತಪ್ಪುತ್ತದೆ" ಎಂಬ ಭಯ ಸೈಬರ್ ಸೆಂಟರ್‌ಗಳಲ್ಲಿ ಓಡಾಡುತ್ತಿರುತ್ತದೆ. ಅದು ಸುಳ್ಳು. ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ಖಾಲಿಯಿರುವ ಮೊದಲ ಸೀಟು ಕಂಡೊಡನೆ ಕೊಟ್ಟು ಮುಂದೆ ಹೋಗುತ್ತದೆ. ಮೇಲೆ ಹತ್ತು ಅಸಾಧ್ಯ ಕಾಲೇಜುಗಳಿದ್ದರೂ ಹನ್ನೊಂದನೆಯದು ಸಿಗುವ ಸಾಧ್ಯತೆ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಬೇಡದ ಕಾಲೇಜನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ, ಕೆಳಗಿನ ಇಷ್ಟದ ಕಾಲೇಜಿನವರೆಗೆ ಕಂಪ್ಯೂಟರ್ ಬರುವುದೇ ಇಲ್ಲ. ಆದ್ದರಿಂದ ಮನಸ್ಸಿಗೆ ಬೇಕಾದ ಕ್ರಮದಲ್ಲೇ ಬರೆಯಬೇಕು, ಊಹೆ ಬೇಡ.

ಐಐಟಿ, ಎನ್‌ಐಟಿಗಳ ಸೀಟನ್ನು 2015ರಿಂದ ಒಟ್ಟಿಗೇ ಹಂಚುತ್ತಾರೆ. ಅದರ ಹಿಂದಿನ ಗಣಿತ 1962ರಲ್ಲಿ ಗೇಲ್ ಮತ್ತು ಶಾಪ್ಲಿ ಬರೆದ ಲೇಖನವೊಂದರದ್ದು. ಕಾಲೇಜು ಪ್ರವೇಶ ಮತ್ತು ಮದುವೆ, ಎರಡನ್ನೂ ಒಂದೇ ಲೆಕ್ಕದಲ್ಲಿ ಬಿಡಿಸಿದ್ದರು. 2012ರಲ್ಲಿ ಶಾಪ್ಲಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಸೀಟು ಹಂಚಿಕೆಯಾದ ಮೇಲೆ ಕೆಇಎ ಛಾಯ್ಸ್ ಕೇಳುತ್ತದೆ. ಒಂದನೆಯದು, ಒಪ್ಪಿ ಸೇರುವುದು. ಎರಡನೆಯದು, ಇದನ್ನು ಇಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು. ಮೂರನೆಯದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಹೊರಬರುವುದು. ಎರಡಕ್ಕೂ ಮೂರಕ್ಕೂ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಕೈಯಲ್ಲಿದ್ದ ಸೀಟು ಹೋಗಬಹುದು. ಗುಂಡಿ ಒತ್ತುವ ಮುಂಚೆ ಆ ವರ್ಷದ ಸೂಚನೆಯನ್ನು ಮನೆಯವರೆಲ್ಲ ಕೂತು ಓದಿ.

ಸೇರುವ ಉದ್ದೇಶವಿಲ್ಲದ ಹೆಚ್ಚಿನ ರ‍್ಯಾಂಕಿನವರ ಹೆಸರಿನಲ್ಲಿ ಸೀಟು ಹಿಡಿದಿಟ್ಟು, ಕೊನೆಗೆ ಖಾಲಿ ಬಿಡಿಸುವ ದಂಧೆಗೆ ಸೀಟ್ ಬ್ಲಾಕಿಂಗ್ ಎನ್ನುತ್ತಾರೆ. ಪ್ರಾಧಿಕಾರದ ದೂರಿನ ಮೇಲೆ 2024ರಲ್ಲಿ ಬೆಂಗಳೂರಿನಲ್ಲಿ ಪೊಲೀಸ್ ಪ್ರಕರಣವೇ ದಾಖಲಾಯಿತು. ಅಂಥ ಒಂದೊಂದು ಸೀಟಿನ ಹಿಂದೆಯೂ ಅದು ಸಿಗಬೇಕಿದ್ದ ಮಗು ಒಂದಿರುತ್ತದೆ.

ಮೈಸೂರು, ಮಂಗಳೂರಿನ ರ‍್ಯಾಂಕಿಗೂ ಕಲಬುರಗಿ, ರಾಯಚೂರಿನ ರ‍್ಯಾಂಕಿಗೂ ಒಂದೇ ಕಟ್‌ಆಫ್ ಇರುವುದಿಲ್ಲ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳ ಶೇ 70 ಸೀಟು ಆ ಭಾಗದವರಿಗೆ, ರಾಜ್ಯದ ಉಳಿದ ಕಡೆ ಶೇ 8. ಒಂದನೇ ತರಗತಿಯಿಂದ ಹತ್ತನೆಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಒಳಮೀಸಲು.

ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದ ಕನ್ನಡದ ಮಕ್ಕಳಿಗೂ ಸಿಇಟಿಯ ಬಾಗಿಲು ತೆರೆದಿದೆ. ಗಡಿನಾಡು ಮತ್ತು ಹೊರನಾಡ ಕನ್ನಡಿಗರಿಗೆ 50 ಅಂಕದ ಕನ್ನಡ ಭಾಷಾ ಪರೀಕ್ಷೆಯಿರುತ್ತದೆ. ಅದರಲ್ಲಿ ಕನಿಷ್ಠ 12 ಬಂದರೆ ಸಾಕು.

ರೈತರ ಮಕ್ಕಳಿಗೆ ಕೃಷಿ ವಿಜ್ಞಾನದ ಕೋರ್ಸುಗಳಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲದಲ್ಲಿ ಕಲಿತದ್ದಕ್ಕೆ ಅಂಕ ಸಿಗುವ ಪರೀಕ್ಷೆ ಇದೊಂದೇ ಇರಬೇಕು. ನನಗೆ ತುಂಬ ಮೆಚ್ಚಿನ ನಿಯಮ.

ಎಲ್ಲ ದಾರಿಯೂ ಸಿಇಟಿ, ನೀಟ್, ಜೆಇಇಗಳ ಮೂಲಕವೇ ಹೋಗುವುದಿಲ್ಲ. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್ ಪದವಿಗೆ ಅದರದ್ದೇ ಲಿಖಿತ ಪರೀಕ್ಷೆ, ಸಂದರ್ಶನ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೂ ಹಾಗೆಯೇ. ಮದ್ರಾಸ್ ಐಐಟಿ 2021ರಲ್ಲಿ ಶುರುಮಾಡಿದ ಆನ್‌ಲೈನ್ ಬಿಎಸ್ ಪದವಿಗೆ ಜೆಇಇ ಬೇಕಿಲ್ಲ. ನಾಲ್ಕು ವಾರ ಪಾಠ ಕಲಿಸಿ, ಕಲಿತದ್ದರ ಮೇಲೆ ಪರೀಕ್ಷೆ ಕೊಟ್ಟು ಸೇರಿಸಿಕೊಳ್ಳುತ್ತಾರೆ. ಮೊದಲು ಕಲಿಸಿ ಆಮೇಲೆ ಅಳೆಯುವ ಈ ಕ್ರಮ ಇನ್ನಷ್ಟು ಕಡೆ ಬರಬೇಕು.

ಇನ್ನು ಎಸ್‌ಎನ್‌ಕ್ಯು. ಈ ಮೂರಕ್ಷರ ಬಡ ಮನೆಗಳಿಗೆ ಗೊತ್ತಿರಲೇಬೇಕು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಂಜೂರಾದ ಸೀಟಿನ ಮೇಲೆ ಹೆಚ್ಚುವರಿಯಾಗಿ ಶೇ 5 ಸೀಟು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರುವವರಿಗೆ ಬೋಧನಾ ಶುಲ್ಕ ಮನ್ನಾ. ರ‍್ಯಾಂಕಿನ ಮೇಲೆಯೇ ಹಂಚಿಕೆ. ಅರ್ಜಿಯಲ್ಲಿ ಕೇಳಿದಾಗ ಹೌದು ಎನ್ನದಿದ್ದರೆ ಅದು ಸಿಗುವುದಿಲ್ಲ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಿಗೆ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಶಾಲೆ ಎರಡಾಗಿದ್ದರೆ ಎರಡೂ ಕಡೆಯಿಂದ ತರಬೇಕು. ಜಾತಿ, ಆದಾಯ ಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು. ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದ್ದರೂ ಈಗಲೇ ತಿದ್ದಿಸಿ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ, ಮುಖ್ಯೋಪಾಧ್ಯಾಯರು ಊರಿಗೆ ಹೋಗಿರುತ್ತಾರೆ. ದ್ವಿತೀಯ ಪಿಯುಸಿಯ ದಸರಾ ರಜೆ ಮುಗಿದ ಕೂಡಲೇ ಹೋಗಿ ಈ ಪತ್ರಗಳನ್ನು ಮಾಡಿಸಿಟ್ಟುಕೊಳ್ಳಿ.